ನದಿನೀರಿನಲ್ಲಿ ಸಿಕ್ಕ ರಾಸಾಯನಿಕಗಳಲ್ಲಿ ಯಾವುದಕ್ಕೆ ಮೊದಲ ಗಮನ?

ಪ್ರಶ್ನೆ – ಜಲವೀಕ್ಷಕ

ಎಲ್ಲರಿಗೂ ನಮಸ್ಕಾರ. ಒಂದು ನದಿಯ ಹಲವು ಜಾಗಗಳಿಂದ ಎರಡು ಋತುಗಳಲ್ಲಿ ಸಂಗ್ರಹಿಸಿದ ನೀರಿನ ವಿಶ್ಲೇಷಣೆಯ ವರದಿ ನಮ್ಮ ತಂಡದ ಕೈಸೇರಿದೆ. ಕೀಟನಾಶಕಗಳು, ಔಷಧಗಳ ಉಳಿಕೆ, ಪ್ಲಾಸ್ಟಿಕ್ಕಿನಿಂದ ಒಸರುವ ವಸ್ತುಗಳು ಹೀಗೆ ನೂರಕ್ಕೂ ಹೆಚ್ಚು ರಾಸಾಯನಿಕಗಳ ಹೆಸರು ಅದರಲ್ಲಿವೆ. ಬಹುಪಾಲಿಗೆ ಕಾನೂನಿನ ಮಿತಿಯೇ ಇಲ್ಲ. ಮುಂದಿನ ವರ್ಷ ಹತ್ತು ಹನ್ನೆರಡನ್ನು ಮಾತ್ರ ನಿಕಟವಾಗಿ ಗಮನಿಸುವ ಶಕ್ತಿ ನಮಗಿದೆ. ಸಾಂದ್ರತೆ ಹೆಚ್ಚಿರುವುದನ್ನು ಮೇಲಿಟ್ಟು ಜೋಡಿಸಿದಾಗ ಕೆಫೀನ್ ಮತ್ತು ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಮೊದಲಿಗೆ ಬಂದವು, ಕೀಟನಾಶಕಗಳು ತಳಕ್ಕೆ ಹೋದವು. ಮೀನು, ಹುಳು, ಪಾಚಿಗಳಿಗೆ ಆಗುವ ಹಾನಿಯನ್ನು ಈ ಕ್ರಮ ಹೇಳುತ್ತಿಲ್ಲವೆಂಬ ಅನುಮಾನ ನಮ್ಮದು. ಸರಿಯಾದ ದಾರಿ ಯಾವುದು? ‘ಪತ್ತೆಯಾಗಿಲ್ಲ’ ಎಂದು ಬರೆದಿರುವ ಹೆಸರುಗಳನ್ನು ಪಟ್ಟಿಯಿಂದ ಕೈಬಿಡಬಹುದೇ?

ಉತ್ತರ 1 – ವಿಷವಿಜ್ಞಾನದ ವಿದ್ಯಾರ್ಥಿ

ನಿಮ್ಮ ಅನುಮಾನ ಸರಿಯಾಗಿದೆ. ಸಾಂದ್ರತೆಯೊಂದೇ ಏನನ್ನೂ ಹೇಳದು. ಆ ಸಾಂದ್ರತೆಯನ್ನು ಜೀವಿಗಳಿಗೆ ಹಾನಿಯಾಗದೆಂದು ಅಂದಾಜಿಸಿದ ಸಾಂದ್ರತೆಯಿಂದ ಭಾಗಿಸಿದಾಗ ಸಿಗುವ ಅನುಪಾತ 1ನ್ನು ಮೀರಿದೆಯೇ ಎಂಬುದೇ ಮೊದಲ ಜರಡಿ. ಹಾನಿರಹಿತ ಸಾಂದ್ರತೆಯನ್ನು ಸಾಮಾನ್ಯವಾಗಿ ಪಾಚಿ, ನೀರುಚಿಗಟವೆಂದು ಕರೆಯುವ ಡ್ಯಾಫ್ನಿಯಾ ಮತ್ತು ಮೀನು, ಈ ಮೂರರ ಮೇಲಿನ ಪರೀಕ್ಷೆಗಳಿಂದ ಪಡೆಯುತ್ತಾರೆ. ಅಲ್ಪಾವಧಿಯ ಪರೀಕ್ಷೆಗಳಷ್ಟೇ ಇದ್ದರೆ ಅತಿ ಕಡಿಮೆ ಸಾಂದ್ರತೆಗೇ ಹಾನಿಗೊಳಗಾಗುವ ಜೀವಿಗೆ ಸಿಕ್ಕ ಮೌಲ್ಯವನ್ನು 1000ದಿಂದ ಭಾಗಿಸುವುದು, ಈ ಮೂರೂ ಬಗೆಯ ಜೀವಿಗಳ ಮೇಲೆ ದೀರ್ಘಾವಧಿಯ ಪರೀಕ್ಷೆ ನಡೆದಿದ್ದರೆ 10ರಿಂದ ಭಾಗಿಸುವುದು ರೂಢಿ. ಆದ್ದರಿಂದ ಕೆಲವು ರಾಸಾಯನಿಕಗಳು ಪಟ್ಟಿಯ ಮೇಲಕ್ಕೆ ಬರುವುದು ವಿಷತ್ವದಿಂದಲ್ಲ, ಮಾಹಿತಿಯ ಬಡತನದಿಂದ. ಅಂಥವನ್ನು ಬೇರೆಯಾಗಿ ಗುರುತಿಸಿಡಿ. ಅವುಗಳಿಗೆ ಬೇಕಿರುವುದು ನಿಯಂತ್ರಣಕ್ಕಿಂತ ಮೊದಲು ಪರೀಕ್ಷೆ.

ಪತ್ತೆಯಾಗದವನ್ನು ಮಾತ್ರ ದಯವಿಟ್ಟು ಹಾಗೆಯೇ ಕೈಬಿಡಬೇಡಿ. ಸೈಪರ್‌ಮೆಥ್ರಿನ್ ಎಂಬ ಕೀಟನಾಶಕಕ್ಕೆ ಐರೋಪ್ಯ ಒಕ್ಕೂಟ 2013ರಲ್ಲಿ ಒಳನಾಡಿನ ನೀರಿಗೆ ನಿಗದಿಪಡಿಸಿದ ವಾರ್ಷಿಕ ಸರಾಸರಿ ಮಿತಿ ಲೀಟರಿಗೆ 0.08 ನ್ಯಾನೊಗ್ರಾಂ (ಒಂದು ನ್ಯಾನೊಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ). ನಿಮ್ಮ ಪ್ರಯೋಗಾಲಯದ ಪತ್ತೆಮಿತಿ, ಅಂದರೆ ಅಲ್ಲಿ ಗುರುತಿಸಬಲ್ಲ ಅತಿ ಕಡಿಮೆ ಸಾಂದ್ರತೆ, ಲೀಟರಿಗೆ 5 ನ್ಯಾನೊಗ್ರಾಂ ಎಂದಿಟ್ಟುಕೊಳ್ಳಿ. ಆಗ ಆ ವಸ್ತು ಮಿತಿಯ 60 ಪಟ್ಟು ಇದ್ದರೂ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದೇ ಇರುತ್ತದೆ. ಹೊಸ ಮಾಲಿನ್ಯಕಾರಕಗಳನ್ನು ಗಮನಿಸುವ ಪ್ರಯೋಗಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಕೂಟವಾಗಿ ಯೂರೋಪಿನಲ್ಲಿ 2005ರಲ್ಲಿ ಆರಂಭವಾದ ನಾರ್ಮನ್ ಜಾಲದ ವಿಧಾನದಲ್ಲಿ ರಾಸಾಯನಿಕಗಳನ್ನು ಮೊದಲು ಆರು ವರ್ಗಗಳಾಗಿ ಬೇರ್ಪಡಿಸುವುದು ಇದೇ ಕಾರಣಕ್ಕೆ: ಸಾಕಷ್ಟು ಮಾಹಿತಿ ಇರುವವು ಒಂದೆಡೆ, ವಿಷತ್ವದ ಪರೀಕ್ಷೆ ಸಾಲದವು ಇನ್ನೊಂದೆಡೆ, ಅಳತೆಯ ವಿಧಾನವೇ ಸುಧಾರಿಸಬೇಕಾದವು ಮತ್ತೊಂದೆಡೆ. ಶ್ರೇಯಾಂಕ ಕೊಡುವುದು ಆಯಾ ವರ್ಗದೊಳಗೆ ಮಾತ್ರ. ನೂರು ಹೆಸರುಗಳನ್ನು ಒಂದೇ ಏಣಿಯಲ್ಲಿ ನಿಲ್ಲಿಸುವುದಕ್ಕಿಂತ ಇದು ಪ್ರಾಮಾಣಿಕವಾದ ಕ್ರಮವೆಂದು ನನ್ನ ಅಭಿಪ್ರಾಯ.

ಉತ್ತರ 2 – ಹೊಳೆಸಾಲು

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಇಡೀ ಜೀವಿಯ ಮೇಲೆ ಪರೀಕ್ಷೆಯೇ ನಡೆಯದ ರಾಸಾಯನಿಕಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ಆರಂಭಿಸಿದ ಟಾಕ್ಸ್‌ಕಾಸ್ಟ್ ಯೋಜನೆಯ ದತ್ತಾಂಶ ನೆರವಾಗುತ್ತದೆ. ಅಲ್ಲಿ ಯಂತ್ರಗಳ ಸಹಾಯದಿಂದ ಸಾವಿರಾರು ರಾಸಾಯನಿಕಗಳನ್ನು ಜೀವಕೋಶಗಳ ಮತ್ತು ಪ್ರೋಟೀನುಗಳ ಮೇಲೆ ಪರೀಕ್ಷಿಸಿ, ಯಾವ ಸಾಂದ್ರತೆಯಲ್ಲಿ ಯಾವ ಜೈವಿಕ ಕ್ರಿಯೆ ಕದಲುತ್ತದೆಂದು ದಾಖಲಿಸಿದ್ದಾರೆ. ನಿಮ್ಮ ನೀರಿನ ಸಾಂದ್ರತೆಯನ್ನು ಆ ಮೌಲ್ಯದಿಂದ ಭಾಗಿಸಿದರೆ ಇನ್ನೊಂದು ಅನುಪಾತ ದೊರೆಯುತ್ತದೆ. ಆದರೆ ಎಚ್ಚರ ಬೇಕು. ಆ ಕೋಶಗಳಲ್ಲಿ ಹೆಚ್ಚಿನವು ಮನುಷ್ಯನವು. ಪಿತ್ತಜನಕಾಂಗದಲ್ಲಿ ರಾಸಾಯನಿಕಕ್ಕೆ ಆಗುವ ರೂಪಾಂತರ ಬಹಳಷ್ಟು ಪರೀಕ್ಷೆಗಳಲ್ಲಿ ಆಗುವುದಿಲ್ಲ. ಕೋಶ ಸಾಯುವ ಹಂತಕ್ಕೆ ಬಂದಾಗ ಅನೇಕ ಪರೀಕ್ಷೆಗಳು ಒಟ್ಟಿಗೆ ಪ್ರತಿಕ್ರಿಯೆ ತೋರಿಸಿ ದಾರಿ ತಪ್ಪಿಸುತ್ತವೆ. ಕೋಶದಲ್ಲಿ ಕಂಡ ಬದಲಾವಣೆ ಅಂಗಕ್ಕೆ, ಜೀವಿಗೆ, ಕೊನೆಗೆ ಸಂತತಿಗೆ ಹೇಗೆ ತಲುಪುತ್ತದೆಂಬ ಸರಪಳಿಯನ್ನು ತೋರಿಸಲು ಸಾಧ್ಯವಾದಾಗಲೇ ಅದಕ್ಕೆ ಹೆಚ್ಚಿನ ತೂಕ ಕೊಡಿ.

ಅಂಥ ಸರಪಳಿ ಪೂರ್ಣವಾಗಿ ಕಂಡ ನಿದರ್ಶನವೊಂದಿದೆ. ಗರ್ಭನಿರೋಧಕ ಮಾತ್ರೆಯಲ್ಲಿರುವ ಎಥಿನೈಲ್‌ಎಸ್ಟ್ರಡಯೋಲ್ ಎಂಬ ಕೃತಕ ಹಾರ್ಮೋನನ್ನು ಕೆನಡಾದ ಒಂಟಾರಿಯೊದ ಪ್ರಯೋಗಸರೋವರವೊಂದಕ್ಕೆ 2001ರಿಂದ 2003ರವರೆಗೆ ಸೇರಿಸಲಾಯಿತು; ನೀರಿನಲ್ಲಿದ್ದುದು ಲೀಟರಿಗೆ 5ರಿಂದ 6 ನ್ಯಾನೊಗ್ರಾಂ ಮಾತ್ರ. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಗಂಡುಗಳಲ್ಲಿ ಹೆಣ್ಣಿನ ಲಕ್ಷಣಗಳು ಕಾಣಿಸಿಕೊಂಡವು, ಸಂತಾನೋತ್ಪತ್ತಿ ಕುಸಿಯಿತು, ಆ ಸರೋವರದಲ್ಲಿ ಆ ಮೀನು ಅಳಿವಿನ ಅಂಚಿಗೆ ಬಂದಿತು. ಎಷ್ಟು ಮೀನು ಸತ್ತವೆಂದು ನಾಲ್ಕು ದಿನ ಎಣಿಸುವ ಪರೀಕ್ಷೆಯಲ್ಲಿ ಇದರ ಸುಳಿವೂ ಸಿಗುತ್ತಿರಲಿಲ್ಲ.

ಮರುಪ್ರಶ್ನೆ – ಜಲವೀಕ್ಷಕ

ಇಬ್ಬರಿಗೂ ಕೃತಜ್ಞತೆಗಳು. ಪ್ರತಿಯೊಂದರ ಅನುಪಾತವೂ 1ಕ್ಕಿಂತ ಕಡಿಮೆಯಿದ್ದು, ಹಲವು ಒಟ್ಟಿಗಿದ್ದರೆ ಹೇಗೆ ಪರಿಗಣಿಸಬೇಕು? ನಮ್ಮ ಪಟ್ಟಿಯಲ್ಲೇ ಇಲ್ಲದ ವಸ್ತುವೊಂದು ಹಾನಿ ಮಾಡುತ್ತಿದ್ದರೆ ತಿಳಿಯುವುದೆಂತು?

ಉತ್ತರ 3 – ತೀರವಾಸಿ

ಮೊದಲನೆಯದಕ್ಕೆ ಉತ್ತರ ಸುಲಭ: ಒಂದೇ ರೀತಿಯಲ್ಲಿ ಕೆಲಸ ಮಾಡುವವುಗಳ ಅನುಪಾತಗಳನ್ನು ಕೂಡಿಸಿ. ಆರ್ಗನೊಫಾಸ್ಫೇಟ್ ಕೀಟನಾಶಕಗಳೆಲ್ಲವೂ ನರಗಳಲ್ಲಿನ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನೇ ತಡೆಯುವುದರಿಂದ, 0.3ರಂತೆ ನಾಲ್ಕು ಸೇರಿದರೆ 1.2 ಆಗುತ್ತದೆ, ಬಿಡಿಬಿಡಿಯಾಗಿ ನೋಡಿದಾಗ ನಾಲ್ಕೂ ತಪ್ಪಿಸಿಕೊಳ್ಳುತ್ತವೆ. ಮಳೆ ಬಿದ್ದ ಕೂಡಲೇ ಹರಿದುಬರುವ ನೀರನ್ನು ಪರೀಕ್ಷಿಸದಿದ್ದರೆ ಈ ಲೆಕ್ಕವೂ ಕಡಿಮೆಯೇ ಬರುತ್ತದೆ.

ಎರಡನೆಯದು ನನ್ನನ್ನು ಬಹಳ ಕಾಡುವ ಪ್ರಶ್ನೆ. ಅಮೆರಿಕದ ವಾಯವ್ಯ ಕರಾವಳಿಯ ನಗರತೊರೆಗಳಲ್ಲಿ ಮಳೆಯ ನಂತರ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದ ಕಾರಣ ವರ್ಷಗಟ್ಟಲೆ ತಿಳಿದಿರಲಿಲ್ಲ. ಸಂಶೋಧಕರು ಟೈರಿನ ಚೂರುಗಳನ್ನು ನೆನೆಸಿದ ನೀರನ್ನು ಭಾಗಭಾಗವಾಗಿ ಬೇರ್ಪಡಿಸಿ, ಯಾವ ಭಾಗ ಮೀನನ್ನು ಕೊಲ್ಲುತ್ತದೆಂದು ಹಂತಹಂತವಾಗಿ ಹುಡುಕುತ್ತಾ ಹೋಗಿ, 2020ರ ಕೊನೆಗೆ 6ಪಿಪಿಡಿ-ಕ್ವಿನೋನ್ ಎಂಬ ವಸ್ತುವನ್ನು ಪ್ರಕಟಿಸಿದರು. ಟೈರು ಬಿರಿಯದಂತೆ ಸೇರಿಸುವ 6ಪಿಪಿಡಿಯು ಗಾಳಿಯ ಓಜೋನಿನೊಂದಿಗೆ ವರ್ತಿಸಿ ಇದು ಹುಟ್ಟುತ್ತದೆ. ಯಾರ ಪಟ್ಟಿಯಲ್ಲೂ ಇದು ಇರಲಿಲ್ಲ. ಅರ್ಧದಷ್ಟು ಕೋಹೊ ಮೀನುಗಳನ್ನು ಕೊಲ್ಲುವ ಸಾಂದ್ರತೆ ಲೀಟರಿಗೆ ಸುಮಾರು 95 ನ್ಯಾನೊಗ್ರಾಂ ಎಂದು 2022ರಲ್ಲಿ ತಿದ್ದಿ ನಿರ್ಧರಿಸಲಾಯಿತು. ಅದೇ ಕುಲದ ಚಮ್ ಸಾಲ್ಮನ್ ಇದನ್ನು ತಾಳಿಕೊಳ್ಳುತ್ತದೆ. ಹಾಗಾಗಿ ಹನ್ನೆರಡರ ಪಟ್ಟಿಗೆ ಮೀಸಲಿಟ್ಟ ಶಕ್ತಿಯಲ್ಲಿ ಸ್ವಲ್ಪವನ್ನು ನದಿಯ ನೀರನ್ನೇ ಡ್ಯಾಫ್ನಿಯಾ ಮತ್ತು ಅಲ್ಲಿನ ಮೀನಿನ ಮರಿಗಳ ಮೇಲೆ ನೇರವಾಗಿ ಪರೀಕ್ಷಿಸಲು ಉಳಿಸಿಕೊಳ್ಳಿ. ಅಳೆದ ವಸ್ತುಗಳ ಒಟ್ಟು ಅನುಪಾತ ವಿವರಿಸಲಾಗದ ಹಾನಿ ಅಲ್ಲಿ ಕಂಡರೆ, ಪಟ್ಟಿಯ ಹೊರಗಿನದ್ದನ್ನು ಹುಡುಕಲು ಆರಂಭಿಸಬೇಕಾದ ಜಾಗ ಅದೇ.

ಜಲವೀಕ್ಷಕ

ವರದಿ ಕೊಟ್ಟ ಪ್ರಯೋಗಾಲಯದಿಂದ ಪ್ರತಿ ರಾಸಾಯನಿಕದ ಪತ್ತೆಮಿತಿಯನ್ನು ಇಂದೇ ಕೇಳಿ ಪಡೆಯುತ್ತೇವೆ. ವರ್ಗೀಕರಣ ಮುಗಿದ ಮೇಲೆ ಪಟ್ಟಿಯನ್ನು ಇಲ್ಲಿಯೇ ಹಾಕುತ್ತೇನೆ, ದಯವಿಟ್ಟು ಪರಿಶೀಲಿಸಿಕೊಡಿ.