ಅಪ್‌ಡೇಟ್: ಜಾಂಗೋ ಬಿಟ್ಟು ಗೋಗೆ ಹೋಗಬೇಕಾ ಅಂತ ಕೇಳಿದ್ದೆ

ಟ್ರಾಫಿಕ್ ಜಾಸ್ತಿ ಆದಾಗ ನಮ್ಮ ಆ್ಯಪ್ ನಿಧಾನವಾಗುತ್ತೆ, ಜಾಂಗೋ (ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್) ಬಿಟ್ಟು ಗೋ ಭಾಷೆಗೆ ಬದಲಿಸಬೇಕಾ ಅಂತ ಇಲ್ಲಿ ಕೇಳಿದ್ದೆ. ಮೊದಲು ಅಳೆದು ನೋಡಿ ಅಂದಿದ್ರಿ. ಅಳೆದೆ. ಎಲ್ಲರಿಗೂ ಥ್ಯಾಂಕ್ಸ್.

ಸುಮ್ನೆ "ಹಲೋ ವರ್ಲ್ಡ್" ಕಳಿಸುವ ಟೆಸ್ಟ್‌ನಲ್ಲಿ ಗೋ ತುಂಬಾ ಮುಂದಿತ್ತು. ಆದರೆ ನಮ್ಮ ಆರ್ಡರ್ ಪುಟವನ್ನೇ ಎರಡರಲ್ಲೂ ಬರೆದು, ಒಂದೇ ಡೇಟಾಬೇಸ್‌ಗೆ ಜೋಡಿಸಿ ಓಡಿಸಿದಾಗ ಆ ಅಂತರ ಕರಗಿಹೋಯಿತು. ಲಾಗ್ ತೆರೆದರೆ 50 ಆರ್ಡರ್ ತೋರಿಸಲು 51 ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ)! ಪಟ್ಟಿಗೆ ಒಂದು, ಉಳಿದ 50 ಒಬ್ಬೊಬ್ಬ ಗ್ರಾಹಕರ ಹೆಸರಿಗೆ. ಗೋದಲ್ಲೂ ಅದೇ ತಪ್ಪನ್ನು ಹಾಗೇ ಇಳಿಸಿದ್ದೆ. ಜಾಂಗೋದಲ್ಲಿ ಗ್ರಾಹಕರ ವಿವರವನ್ನೂ ಪಟ್ಟಿಯ ಜೊತೆಗೇ ತರಿಸುವ ಸೆಲೆಕ್ಟ್ ರಿಲೇಟೆಡ್ ಹಾಕಿದೆ, ಒಂದೇ ಕ್ವೆರಿ ಆಯಿತು.

ಇನ್ನೊಂದು ವಿಷಯ, ಇದು ತುಂಬಾ ಮುಖ್ಯ. ನಾನು ಬಳಸುತ್ತಿದ್ದ ಡಬ್ಲ್ಯುಆರ್‌ಕೆ (wrk) ಎಂಬ ಲೋಡ್ ಟೆಸ್ಟ್ ಟೂಲ್ ಒಂದು ಉತ್ತರ ಬರುವವರೆಗೆ ಅದೇ ಕನೆಕ್ಷನ್‌ನಲ್ಲಿ ಮುಂದಿನ ರಿಕ್ವೆಸ್ಟ್ ಕಳಿಸುವುದಿಲ್ಲ, ಹಾಗಾಗಿ ಸರ್ವರ್ ಸ್ವಲ್ಪ ಹೊತ್ತು ನಿಂತುಬಿಟ್ಟರೂ ಆಗ ಕಾಯಬೇಕಿದ್ದ ಬಳಕೆದಾರರು ಲೆಕ್ಕಕ್ಕೇ ಬರುವುದಿಲ್ಲ, ಪಿ99 (100ರಲ್ಲಿ 99 ರಿಕ್ವೆಸ್ಟ್‌ಗಳು ಇಷ್ಟರೊಳಗೆ ಮುಗಿದವು ಅನ್ನುವ ಸಮಯ) ಚೆನ್ನಾಗಿಯೇ ಕಾಣುತ್ತದೆ. ಅದರದೇ ಇನ್ನೊಂದು ರೂಪವಾದ ಡಬ್ಲ್ಯುಆರ್‌ಕೆ2ರಲ್ಲಿ ಸೆಕೆಂಡಿಗೆ ಇಷ್ಟು ರಿಕ್ವೆಸ್ಟ್ ಅಂತ ನಿಗದಿ ಮಾಡಿ ಕಳಿಸಿದೆ. ಆಗ ಗೊತ್ತಾಯಿತು, ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 100 ಕನೆಕ್ಷನ್ ಮಿತಿ (ಡಿಫಾಲ್ಟ್ ಅಷ್ಟೇ ಇರುತ್ತೆ) ತುಂಬಿ ಹೊಸ ಕನೆಕ್ಷನ್‌ಗಳು ತಿರಸ್ಕಾರ ಆಗುತ್ತಿದ್ದವು. ಅದರ ಮುಂದೆ, ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚಿ ಬಳಸುವ ಪಿಜಿಬೌನ್ಸರ್ ಕೂರಿಸಿದೆವು.

ಸದ್ಯಕ್ಕೆ ಜಾಂಗೋದಲ್ಲೇ ಇದ್ದೇವೆ. ಸಾವಿರಾರು ಕನೆಕ್ಷನ್ ತೆರೆದಿಡಬೇಕಾದ ಲೈವ್ ನೋಟಿಫಿಕೇಶನ್ ಭಾಗವನ್ನು ಮಾತ್ರ ಗೋದಲ್ಲಿ ಬರೆಯುತ್ತಿದ್ದೇವೆ, ಆ ಕೆಲಸಕ್ಕೆ ಅದು ನಿಜಕ್ಕೂ ಹಗುರ.