ಪದಚರ್ಚೆ: ಸೆರೆಂಡಿಪಿಟಿಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ, ಪದವಿ ವಿದ್ಯಾರ್ಥಿಗಳಿಗಾಗಿ ಕಷ್ಟದ ಇಂಗ್ಲಿಷ್ ಪದಗಳ ಪುಸ್ತಿಕೆ ಸಿದ್ಧಮಾಡುತ್ತಿದ್ದೇನೆ. ಪದಕ್ಕೊಂದೇ ಸಾಲು. ಯುಬಿಕ್ವಿಟಸ್‌ಗೆ ‘ಎಲ್ಲೆಲ್ಲೂ ಇರುವ’, ಎಫೆಮೆರಲ್‌ಗೆ ‘ಕ್ಷಣಿಕ’ ಎಂದು ಸಲೀಸಾಗಿ ಬರೆದೆ. ಸೆರೆಂಡಿಪಿಟಿ ಹತ್ತಿರ ಸಿಕ್ಕಿಕೊಂಡಿದ್ದೇನೆ. ಸದ್ಯಕ್ಕೆ ‘ಕಾಕತಾಳೀಯ’ ಎಂದು ಹಾಕಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಮರುಓಲೆ 1:
ಕಾಕತಾಳೀಯ ಬೇಡವೇ ಬೇಡ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ನಂಟಿಲ್ಲ ಅನ್ನುವುದಷ್ಟೇ ಅದರ ಅರ್ಥ. ‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಅದೂ ಅಲ್ಲ. ಅಲ್ಲಿ ಬಳ್ಳಿಯನ್ನೇ ಹುಡುಕುತ್ತಿದ್ದರು. ಇಲ್ಲಿ ಹುಡುಕಿದ್ದೇ ಒಂದು, ಸಿಕ್ಕಿದ್ದೇ ಇನ್ನೊಂದು.

1754ರ ಜನವರಿ 28ರ ಕಾಗದದಲ್ಲಿ ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ ಈ ಪದ ಕಟ್ಟಿದಾಗಲೇ ಅದರೊಳಗೆ ಆಕಸ್ಮಿಕದ ಜೊತೆ ಚುರುಕುಬುದ್ಧಿಯನ್ನೂ ಸೇರಿಸಿದ್ದ. 1928ರಲ್ಲಿ, ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್‌ನ ಗಾಜಿನ ತಟ್ಟೆಯಲ್ಲಿ ಬೂಸ್ಟು ಬೆಳೆದದ್ದು ಆಕಸ್ಮಿಕ. ಬೂಸ್ಟಿನ ಸುತ್ತ ಬ್ಯಾಕ್ಟೀರಿಯಾ ಇಲ್ಲವಾದದ್ದನ್ನು ಕಂಡು ಯಾಕೆ ಎಂದು ಕೇಳಿದ್ದು ಬುದ್ಧಿ. ಹಾಳಾಯಿತೆಂದು ತಟ್ಟೆ ತೊಳೆದುಬಿಡಬಹುದಿತ್ತು. ಈ ಎರಡನೇ ಅರ್ಧ ಬಿಟ್ಟರೆ ನಿಮ್ಮ ವಿದ್ಯಾರ್ಥಿ ಲಾಟರಿ ಹೊಡೆದದ್ದಕ್ಕೂ ಸೆರೆಂಡಿಪಿಟಿ ಎಂದು ಬರೆಯುತ್ತಾನೆ.

ನನ್ನ ಕೇಳಿದರೆ ಸೆರೆಂಡಿಪಿಟಿ ಎಂದೇ ಇಟ್ಟುಕೊಳ್ಳಿ. ಸೆರೆಂಡಿಪ್ ಅಂದರೆ ಲಂಕೆಯ ಹಳೆಯ ಹೆಸರು. ಪರ್ಷಿಯನ್ನಿನ ಸರಂದೀಬ್, ಅದರ ಹಿಂದೆ ನಮ್ಮ ಸಿಂಹಳದ್ವೀಪ. ದೇಶ ಸುತ್ತಿ ಬಂದ ಪದವನ್ನು ಬಾಗಿಲಲ್ಲಿ ನಿಲ್ಲಿಸುವುದೇಕೆ?

ಮರುಓಲೆ 2:
‘ನಮ್ಮ’ ಅಂದರೆ ಯಾರ? ಸಿಂಹಳದ್ವೀಪ ಸಂಸ್ಕೃತ, ಕನ್ನಡವಲ್ಲ. ನಮ್ಮಲ್ಲಿ ‘ಹುಡುಕು’ ಎಂಬರ್ಥದ ಅರಸು ಇದೆ, ಕಾಣು ಇದೆ. ‘ಅರಸದ ಕಾಣ್ಕೆ’ ಅನ್ನಿ, ಮುಗಿಯಿತು. ಪದಪದಕ್ಕೂ ಸಾಲ ತರುತ್ತ ಹೋದರೆ ಹೊಸ ಪದ ಕಟ್ಟುವ ಕೈ ಮರಗಟ್ಟುತ್ತದೆ.

ಮರುಓಲೆ 1:
ಅದನ್ನು ‘ಅರಸನ ಕಾಣಿಕೆ’ ಎಂದು ಓದುತ್ತಾರೆ. ಒಪ್ಪುವುದಿಲ್ಲ.

ಮರುಓಲೆ 2:
ಒಂದು ಸಲ ತಪ್ಪು ಓದಲಿ. ಆಕಸ್ಮಿಕ ಎಂಬುದನ್ನೂ ಯಾರೂ ಹುಟ್ಟುತ್ತಲೇ ಕಲಿತಿರಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆ. ‘ಹುಡುಕದೆ ಎದುರಾದ ಒಳಿತನ್ನು ಗುರುತಿಸಿ ದಕ್ಕಿಸಿಕೊಳ್ಳುವುದು’ ಎಂದು ಬರೆದೆ, ಸಾಲಿನೊಳಗೆ ಹಿಡಿಸಿತು. ‘ಅರಸದ ಕಾಣ್ಕೆ’ಯನ್ನು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಕೊಟ್ಟಿದ್ದೇನೆ. ಇನ್ನೊಂದು ಉಳಿದಿದೆ: ಡಿಸಿಂಟರೆಸ್ಟೆಡ್‌ಗೆ ‘ನಿರಾಸಕ್ತ’ ಎಂದು ಕರಡಿನಲ್ಲಿದೆ. ನ್ಯಾಯಾಧೀಶರ ವಿಷಯದಲ್ಲಿ ಬಳಸುವಾಗ ಅದು ಪೂರಾ ತಪ್ಪಾಗುತ್ತದೆ. ‘ಸ್ವಾರ್ಥವಿಲ್ಲದ’ ಸಾಕೇ, ‘ನಿಷ್ಪಕ್ಷಪಾತಿ’ ಬೇಕೇ?