ದೂರದ ಓಟದ ನಂತರ ಎಸ್‌ಜಿಒಟಿ ಏರಿದೆ: ಕಾರಣ ಲಿವರ್ರೋ, ಸ್ನಾಯುವೋ?

ಪ್ರಶ್ನೆ (ಹುಬ್ಬಳ್ಳಿಯಿಂದ)
ಭಾನುವಾರ ಬೆಳಿಗ್ಗೆ ಉಣಕಲ್ ಕೆರೆಯಿಂದ ಧಾರವಾಡದವರೆಗೆ ಓಡಿ, ಮಂಗಳವಾರ ಕಚೇರಿಯ ವಾರ್ಷಿಕ ತಪಾಸಣೆಗೆ ರಕ್ತ ಕೊಟ್ಟಿದ್ದೆ. ವರದಿಯ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಒಟಿ 112, ಎಸ್‌ಜಿಪಿಟಿ 64 ಎಂದಿದ್ದು, ಎರಡೂ 40ರೊಳಗೆ ಇರಬೇಕೆಂದು ಅದರಲ್ಲೇ ಮುದ್ರಿಸಿದ್ದಾರೆ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಸರಿಯಾಗಿದೆ. ನಾನು ಮದ್ಯ ಮುಟ್ಟುವವನಲ್ಲ. ಮನೆಯವರು ಕಾಮಾಲೆಯ ಆರಂಭವಿರಬೇಕೆಂದು ಹೆದರಿ, ಓಟ ಬಿಡಿಸಿ ನಾಟಿ ಔಷಧ ಕೊಡಿಸಲು ಹೊರಟಿದ್ದಾರೆ. ಓಟದಿಂದಲೇ ಹೀಗಾಗಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಗದಗ, ಲ್ಯಾಬ್ ತಂತ್ರಜ್ಞ)
ಖಂಡಿತ ಸಾಧ್ಯವಿದೆ, ಸರ್. ಲಿವರ್ ಪರೀಕ್ಷೆಯ ಪಟ್ಟಿಯಲ್ಲಿ ಇರುವುದರಿಂದ ಈ ಎರಡೂ ಕಿಣ್ವಗಳು ಲಿವರಿನಲ್ಲಿ ಮಾತ್ರ ಇರುತ್ತವೆಂದು ಜನ ತಿಳಿಯುತ್ತಾರೆ. ಆದರೆ ಎಸ್‌ಜಿಒಟಿ ಸ್ನಾಯುಗಳಲ್ಲಿಯೂ ಹೇರಳವಾಗಿದೆ, ಎಸ್‌ಜಿಪಿಟಿ ಅಲ್ಲಿ ಸ್ವಲ್ಪ ಮಟ್ಟಿಗೆ ಇದೆ. ಬಹಳ ಹೊತ್ತು ಓಡಿದಾಗ, ಅದರಲ್ಲೂ ಇಳಿಜಾರಿನಲ್ಲಿ ಓಡಿದಾಗ, ತೊಡೆ ಮತ್ತು ಮೀನಖಂಡದ ಎಳೆಗಳಿಗೆ ಸಣ್ಣ ಪೆಟ್ಟಾಗಿ ಅವು ರಕ್ತಕ್ಕೆ ಸೋರುತ್ತವೆ. ನಿಮ್ಮ ವರದಿಯಲ್ಲಿ ಎಸ್‌ಜಿಒಟಿ ಹೆಚ್ಚು ಏರಿರುವುದು ಇದಕ್ಕೆ ಹೊಂದುತ್ತದೆ. ಎಸ್‌ಜಿಒಟಿ ಸುಮಾರು 17 ಗಂಟೆಗಳಿಗೊಮ್ಮೆ ಅರ್ಧಕ್ಕೆ ಇಳಿದರೆ, ಎಸ್‌ಜಿಪಿಟಿಗೆ ಸುಮಾರು 47 ಗಂಟೆ ಬೇಕು. ಆದ್ದರಿಂದ ಕೆಲವು ದಿನ ಕಳೆದು ರಕ್ತ ಕೊಟ್ಟವರಲ್ಲಿ ಎಸ್‌ಜಿಪಿಟಿಯೇ ಮುಂದಿರುವುದುಂಟು. ಖಚಿತಪಡಿಸಿಕೊಳ್ಳಲು ಸಿಪಿಕೆ ಮತ್ತು ಜಿಜಿಟಿ ಎಂಬ ಇನ್ನೆರಡು ಕಿಣ್ವಗಳ ರಕ್ತಪರೀಕ್ಷೆ ಮಾಡಿಸಿರಿ. ಸಿಪಿಕೆ ಸ್ನಾಯುವಿನ ಗುರುತು; ಜಿಜಿಟಿ ಸ್ನಾಯುವಿನಿಂದ ಬರುವುದಿಲ್ಲ. ಮೊದಲನೆಯದು ಏರಿ ಎರಡನೆಯದು ಸರಿಯಿದ್ದರೆ, ಲಿವರಿನ ಮೇಲಿನ ಸಂಶಯ ಬಹಳಷ್ಟು ಕಡಿಮೆಯಾಗುತ್ತದೆ.

ಉತ್ತರ 2 (ಧಾರವಾಡ)
ಎಷ್ಟು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕೆಂಬುದಕ್ಕೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆರವಾಗುತ್ತದೆ. ಭಾರ ಎತ್ತುವ ರೂಢಿಯಿಲ್ಲದ 15 ಆರೋಗ್ಯವಂತ ಗಂಡಸರು ಒಂದೇ ಗಂಟೆ ಭಾರ ಎತ್ತಿದ ಮೇಲೆ, ಅವರ ಎಸ್‌ಜಿಒಟಿ, ಎಸ್‌ಜಿಪಿಟಿ ಕನಿಷ್ಠ 7 ದಿನ ಏರಿಯೇ ಇದ್ದವು. ಜಿಜಿಟಿ ಮತ್ತು ಬಿಲಿರುಬಿನ್ ಬದಲಾಗಲಿಲ್ಲ. ಆದ್ದರಿಂದ ಒಂದೆರಡು ದಿನದ ವಿಶ್ರಾಂತಿ ಸಾಲದು. ಒಂದು ವಾರವಾದರೂ ಓಟ, ಜಿಮ್ ಎರಡನ್ನೂ ನಿಲ್ಲಿಸುವುದು ಲೇಸು, ನಡಿಗೆಗೆ ಅಡ್ಡಿಯಿಲ್ಲ.

ಉತ್ತರ 3 (ಹಾವೇರಿ, ವೈದ್ಯ)
ಮೇಲಿನ ಮಾತುಗಳು ಸರಿ. ಆದರೆ ಓಟಗಾರನಿಗೆ ಲಿವರ್ ಕಾಯಿಲೆ ಬರುವುದೇ ಇಲ್ಲವೆಂದು ಯಾರೂ ಭಾವಿಸಬಾರದು. ವಿಶ್ರಾಂತಿಯ ನಂತರವೂ ಅಂಕಿಗಳು ಇಳಿಯದಿದ್ದರೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಹಾಗೂ ಹೊಟ್ಟೆಯ ಸ್ಕ್ಯಾನ್ ಅಗತ್ಯ. ಕೊಬ್ಬಿನ ಲಿವರ್ ತೆಳ್ಳಗಿನವರಲ್ಲಿಯೂ ಕಾಣುತ್ತದೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿ ಸ್ನಾಯುಗಳು ವಿಪರೀತ ನೋಯುತ್ತಿದ್ದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ನಾಟಿ ಔಷಧವನ್ನು ಮಾತ್ರ ಈಗ ಕೊಡಿಸಬೇಡಿರೆಂದು ಮನೆಯವರಿಗೆ ವಿನಯದಿಂದ ಹೇಳಿರಿ. ಕೆಲವು ಗಿಡಮೂಲಿಕೆಗಳೇ ಲಿವರಿಗೆ ಪೆಟ್ಟು ಕೊಡುತ್ತವೆ. ಅಮೃತಬಳ್ಳಿ ಸೇವಿಸಿದವರಲ್ಲಿ ಹಾಗಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ಔಷಧ ಕುಡಿದ ಮೇಲೆ ಮರುಪರೀಕ್ಷೆಯ ಅಂಕಿಗಳು ಏರಿದರೂ ಇಳಿದರೂ, ಅದಕ್ಕೆ ಕಾರಣ ಯಾವುದೆಂದು ಹೇಳುವುದು ನಮಗೂ ಕಷ್ಟವಾಗುತ್ತದೆ.